ಕುಂಚದಲ್ಲಿ ಕಂಡ ಬ್ರಹ್ಮಾಂಡ

ದೂರದರ್ಶನದ ಪೆಟ್ಟಿಗೆಯು ಮನೆಮನೆಗಳಲ್ಲಿಯೂ ಬಂದು ನೆಲಸಿದಂದಿನಿಂದ, ಹಿಂದಿನವರು ಹೆಸರನ್ನು ಮಾತ್ರ ಕೇಳಿದ್ದ ಲೋಕಗಳನ್ನು ಇಂದಿನ ಮಕ್ಕಳು ಕುಳಿತಲ್ಲಿಯೇ ನೋಡುತ್ತಿರುವರು. ಶನಿಯ ಬಳೆಗಳು, ನಕ್ಷತ್ರಗಳ ಹುಟ್ಟು, ಆಕಾಶಗಂಗೆಯ ಮಹಾ ಸುಳಿ, ಇವೆಲ್ಲವೂ ಇಂಪಾದ ಸಂಗೀತದೊಡನೆ ಕಣ್ಣಮುಂದೆ ತೇಲಿಬರುವುವು. ಇವುಗಳಲ್ಲಿ ಕೆಲವು ಯಂತ್ರನೌಕೆಗಳೂ ದೂರದರ್ಶಕಗಳೂ ತೆಗೆದ ಛಾಯಾಚಿತ್ರಗಳು. ಮಿಕ್ಕ ಅನೇಕವು ಚಿತ್ರಕಾರರು ಬಣ್ಣದಿಂದ ಬರೆದವು. ಆಕಾಶಗಂಗೆಯನ್ನೇ ನೋಡೋಣ. ನಾವು ಅದರ ಒಳಗೇ ವಾಸಿಸುತ್ತಿರುವೆವು. ಮನೆಯೊಳಗೆ ನಿಂತವನಿಗೆ ತನ್ನ ಮನೆಯ ಹೊರರೂಪವು ಕಾಣದಂತೆ, ಆ ನಕ್ಷತ್ರಮಂಡಲದ ಪೂರ್ಣರೂಪವನ್ನು ಹೊರಗಿನಿಂದ ಯಾರೂ ಇದುವರೆಗೆ ನೋಡಿಲ್ಲ. ನಾವು ನೋಡುವ ಅದರ ಪೂರ್ಣಚಿತ್ರಗಳೆಲ್ಲವೂ ಅಳತೆಯನ್ನು ಆಧರಿಸಿ ರಚಿಸಿದವುಗಳೇ.

ಹಾಗಾದರೆ ಇಂತಹ ಚಿತ್ರಗಳನ್ನು ನಂಬಬಹುದೆ? ಅದಕ್ಕೆ ಸಂಗೀತವನ್ನೂ ಕೂಡಿಸಿದರೆ ಕಲ್ಪನೆಯು ಸತ್ಯದ ವೇಷವನ್ನು ಧರಿಸಿ ನಮ್ಮನ್ನು ಮೋಸಗೊಳಿಸುವುದಿಲ್ಲವೆ? ಈ ಪ್ರಶ್ನೆಗಳನ್ನು ವಿಚಾರಮಾಡುವುದಕ್ಕೆ ‘ಕಾಸ್ಮೋಸ್’ ಎಂಬ ಪ್ರಸಿದ್ಧ ದೂರದರ್ಶನಮಾಲೆಗಿಂತ ಉತ್ತಮವಾದ ಉದಾಹರಣೆಯು ನಮಗೆ ತೋರದು.

ಈ ಮಾಲೆಯು ಅಮೆರಿಕದ ಸಾರ್ವಜನಿಕ ದೂರದರ್ಶನದಲ್ಲಿ ೧೯೮೦ನೆಯ ಇಸವಿ ಸೆಪ್ಟೆಂಬರ್ ೨೮ರಂದು ಆರಂಭವಾಗಿ, ವಾರಕ್ಕೊಂದು ಕಂತಿನಂತೆ ೧೩ ಕಂತುಗಳಲ್ಲಿ ನಡೆದು, ಡಿಸೆಂಬರ್ ೨೧ರಂದು ಮುಗಿಯಿತು. ಕಾರ್ನೆಲ್ ವಿಶ್ವವಿದ್ಯಾನಿಲಯದಲ್ಲಿ ಪ್ರಾಧ್ಯಾಪಕರಾಗಿದ್ದ ಖಗೋಳವಿಜ್ಞಾನಿ ಕಾರ್ಲ್ ಸೇಗನ್ (೧೯೩೪–೧೯೯೬) ಎಂಬವರು ಇದನ್ನು ನಿರೂಪಿಸಿದರು. ಆನ್ ಡ್ರುಯನ್ ಮತ್ತು ಸ್ಟೀವನ್ ಸೋಟರ್ ಎಂಬಿಬ್ಬರು ಬರವಣಿಗೆಯಲ್ಲಿ ಅವರಿಗೆ ನೆರವಾದರು. ಕಾಲಕ್ರಮದಲ್ಲಿ ಇದು ಜಗತ್ತಿನ ಅನೇಕ ದೇಶಗಳಲ್ಲಿ ಪ್ರಸಾರವಾಗಿ ಕೋಟ್ಯಂತರ ಜನರ ಮನೆಗಳನ್ನು ಹೊಕ್ಕಿತು.

ಆ ಕಾಲಕ್ಕೆ ಮನುಷ್ಯನ ಕ್ಯಾಮರವು ತಲುಪಿದ್ದ ಸ್ಥಳಗಳು ಕೆಲವೇ. ಚಂದ್ರನ ಮೇಲೆ ಮಾನವನು ೧೯೬೯ರಲ್ಲಿ ಇಳಿದಿದ್ದನು. ಮಂಗಳನ ನೆಲದಿಂದ ವೈಕಿಂಗ್ ನೌಕೆಗಳು ೧೯೭೬ರಲ್ಲಿ ಪಟಗಳನ್ನು ಕಳುಹಿಸಿದ್ದುವು. ವಾಯೇಜರ್ ನೌಕೆಗಳು ೧೯೭೯ರಲ್ಲಿ ಗುರುಗ್ರಹವನ್ನು ಹಾದುಹೋಗಿದ್ದುವು. ಇವುಗಳಾಚೆಯ ವಿಸ್ತಾರವನ್ನು ಹತ್ತಿರದಿಂದ ಕಂಡಂತೆ ತೋರಿಸಬೇಕಾದರೆ ಕುಂಚವು ಒಂದು ಮುಖ್ಯ ಸಾಧನವಾಗಿತ್ತು. ಆದಕಾರಣ ಜಾನ್ ಲಾಂಬರ್ಗ್, ಅಡಾಲ್ಫ್ ಶಾಲರ್, ಡಾನ್ ಡೇವಿಸ್, ರಿಕ್ ಸ್ಟರ್ನ್‌ಬಾಕ್ ಮುಂತಾದ ಚಿತ್ರಕಾರರು ಈ ಕಾರ್ಯದಲ್ಲಿ ತೊಡಗಿದರು. ಬರೆದ ಚಿತ್ರವು ನಿಶ್ಚಲವಾದುದು. ಆದರೆ ಕ್ಯಾಮರವು ಅದರ ಮೇಲೆ ಮೆಲ್ಲಮೆಲ್ಲನೆ ಸರಿಯುತ್ತ ಹೋದರೆ, ನೋಡುವವನಿಗೆ ತಾನೇ ಆ ಲೋಕದಲ್ಲಿ ಸಂಚರಿಸುತ್ತಿರುವಂತೆ ಭಾಸವಾಗುವುದು.

ಇವರ ಕಲ್ಪನೆಯು ಲಂಗುಲಗಾಮಿಲ್ಲದ ಕಲ್ಪನೆಯಲ್ಲವೆಂಬುದನ್ನು ಮುಖ್ಯವಾಗಿ ಗಮನಿಸಬೇಕು. ಎರಡನೆಯ ಕಂತಿನಲ್ಲಿ ಬರುವ ಗುರುಗ್ರಹದ ಚಿತ್ರಗಳು ಇದಕ್ಕೆ ನಿದರ್ಶನ. ಆ ಗ್ರಹದಲ್ಲಿ ಕಾಲೂರಲು ನೆಲವಿಲ್ಲ. ಬಹುಮಟ್ಟಿಗೆ ಜಲಜನಕ ಮತ್ತು ಹೀಲಿಯಂ ಅನಿಲಗಳೇ ತುಂಬಿರುವುವು. ಅಂತಹ ಸ್ಥಳದಲ್ಲಿ ಜೀವವು ಇದ್ದರೆ ಹೇಗಿರಬಹುದೆಂದು ಸೇಗನ್ನರೂ ಅವರ ಸಹೋದ್ಯೋಗಿ ಎಡ್ವಿನ್ ಸಾಲ್ಪೀಟರ್ ಅವರೂ ೧೯೭೬ರಲ್ಲಿ ಲೆಕ್ಕಹಾಕಿ ಒಂದು ಪ್ರಬಂಧವನ್ನು ಪ್ರಕಟಿಸಿದ್ದರು. ಮೇಲೆ ತೇಲಲು ಹಗುರವಾದ ಜಲಜನಕವನ್ನು ಒಡಲಲ್ಲಿ ತುಂಬಿಕೊಂಡ, ಊರುಗಳಷ್ಟು ದೊಡ್ಡ ಬುಡ್ಡೆಗಳಂತಹ ಜೀವಿಗಳು. ಅವುಗಳನ್ನು ಬೇಟೆಯಾಡುವ ಮತ್ತೊಂದು ಜಾತಿಯ ಜೀವಿಗಳು: ಇವು ಆ ಲೆಕ್ಕದಿಂದ ಹೊರಟ ರೂಪಗಳು. ಶಾಲರರು ಅವುಗಳಿಗೆ ಬಣ್ಣವನ್ನು ಕೊಟ್ಟರು. ಇವು ಅಲ್ಲಿ ಇವೆಯೆಂದು ಸೇಗನ್ನರು ಹೇಳಲಿಲ್ಲ. ಭೌತ ರಸಾಯನ ಶಾಸ್ತ್ರಗಳ ನಿಯಮಗಳಿಗೆ ಇವು ವಿರುದ್ಧವಲ್ಲವೆಂದು ಮಾತ್ರ ಹೇಳಿದರು. ‘ಇದೆ’ ಎಂಬುದಕ್ಕೂ ‘ಇರಬಹುದು’ ಎಂಬುದಕ್ಕೂ ಇರುವ ಈ ಅಂತರವನ್ನು ಮುಚ್ಚಿಡದಿರುವುದೇ ಪ್ರಾಮಾಣಿಕತೆಯು.

ಇನ್ನು ಸಂಗೀತದ ವಿಷಯ. ಮಾಲೆಯ ಆರಂಭದಲ್ಲಿ ಕೇಳಿಬರುವ ನಾದವು ಗ್ರೀಸ್ ದೇಶದ ವ್ಯಾಂಗೆಲಿಸ್ (೧೯೪೩–೨೦೨೨) ಎಂಬ ಸಂಗೀತಗಾರರದು. ಅವರು ೧೯೭೫ರಲ್ಲಿ ಹೊರತಂದಿದ್ದ ಕೃತಿಯೊಂದರಿಂದ ಅದನ್ನು ಆರಿಸಿಕೊಂಡರು. ಅದರೊಡನೆ ವಿವಾಲ್ಡಿ, ಶಾಸ್ಟಕೋವಿಚ್ ಮೊದಲಾದ ಯೂರೋಪಿನ ವಾಗ್ಗೇಯಕಾರರ ರಚನೆಗಳೂ ಅಲ್ಲಲ್ಲಿ ಬರುವುವು. ಶಬ್ದವು ಸಂಚರಿಸಲು ಗಾಳಿಯಂತಹ ವಸ್ತುವು ಬೇಕು. ಗ್ರಹನಕ್ಷತ್ರಗಳ ನಡುವಣ ಶೂನ್ಯದಲ್ಲಿ ಅದು ನಮ್ಮ ಕಿವಿಗೆ ಕೇಳುವಷ್ಟು ಇಲ್ಲ. ಆದುದರಿಂದ ಆ ಸಂಗೀತವು ಅಲ್ಲಿಂದ ಬಂದುದಲ್ಲ, ಇಲ್ಲಿಂದ ಕೊಟ್ಟುದು. ಹರಿಕಥೆಯಲ್ಲಿ ದಾಸರ ತಂಬೂರಿಯು ಕಥೆಗೆ ಹೊಸ ಸಂಗತಿಯನ್ನೇನೂ ಸೇರಿಸದಿದ್ದರೂ ಕೇಳುವವರ ಚಿತ್ತವನ್ನು ಒಂದೆಡೆ ನಿಲ್ಲಿಸುವಂತೆ, ಈ ನಾದವೂ ಕಣ್ಣನ್ನು ಚಿತ್ರದಲ್ಲಿ ನಿಲ್ಲಿಸುವುದು. ಅದೇ ಎರಡನೆಯ ಕಂತಿನಲ್ಲಿ, ಭೂಮಿಯ ಮೇಲಣ ಜೀವವಿಕಾಸದ ೪೦೦ ಕೋಟಿ ವರ್ಷಗಳ ಚರಿತ್ರೆಯನ್ನು ೪೦ ಸೆಕೆಂಡುಗಳಲ್ಲಿ ಒಂದು ರೂಪವು ಮತ್ತೊಂದಾಗಿ ಮಾರ್ಪಡುವ ಬರಿಯ ಗೆರೆಚಿತ್ರಗಳಿಂದ ತೋರಿಸಿರುವರು. ಮಾತಿನಿಂದ ಒಂದು ಗ್ರಂಥವಾಗುವ ಸಂಗತಿಯು ಅಲ್ಲಿ ಒಂದು ಗೀತದ ನುಡಿಯಷ್ಟು ಚಿಕ್ಕದಾಗಿ ಮನಸ್ಸಿಗಿಳಿಯುವುದು.

ಆದರೂ ಚಿತ್ರವು ಸುಳ್ಳಾದರೆ ಏನು ಗತಿ? ಇದಕ್ಕೆ ಚರಿತ್ರೆಯೇ ಉತ್ತರವನ್ನು ಕೊಟ್ಟಿದೆ. ಇಂತಹ ಚಿತ್ರಕಲೆಯ ಹಿರಿಯರಲ್ಲಿ ಅಗ್ರಗಣ್ಯರಾದ ಚೆಸ್ಲಿ ಬಾನ್‌ಸ್ಟೆಲ್ (೧೮೮೮–೧೯೮೬) ಎಂಬ ಅಮೆರಿಕದ ಕಲಾವಿದರು ೧೯೪೪ರಲ್ಲಿ ‘ಲೈಫ್’ ಪತ್ರಿಕೆಗಾಗಿ ಶನಿಯ ಉಪಗ್ರಹಗಳಿಂದ ಶನಿಯು ಕಾಣುವ ಬಗೆಯನ್ನು ಬರೆದರು. ಟೈಟನ್ ಎಂಬ ಉಪಗ್ರಹದ ಹಿಮಾವೃತವಾದ ಬಂಡೆಗಳ ಮೇಲೆ, ನೀಲಿಯ ಆಕಾಶದಲ್ಲಿ, ಬಳೆಗಳನ್ನು ಧರಿಸಿದ ಶನಿಯು ಶೋಭಿಸುತ್ತಿರುವ ಆ ಚಿತ್ರವು ಒಂದು ತಲೆಮಾರಿನ ಮನಸ್ಸನ್ನು ಸೂರೆಗೊಂಡಿತು. ‘ಕಾಸ್ಮೋಸ್’ ಮಾಲೆಯು ಇನ್ನೂ ನಡೆಯುತ್ತಿದ್ದಾಗಲೇ, ೧೯೮೦ನೆಯ ನವೆಂಬರ್ ೧೨ರಂದು, ಮೊದಲನೆಯ ವಾಯೇಜರ್ ನೌಕೆಯು ಶನಿಯನ್ನು ಸಮೀಪಿಸಿತು. ಟೈಟನ್ನಿನ ಸುತ್ತಲೂ ಕಿತ್ತಿಳೆಬಣ್ಣದ ದಟ್ಟವಾದ ಮಬ್ಬು ಕವಿದಿರುವುದೂ, ಆ ಮಬ್ಬಿನೊಳಗೆ ನೆಲವೇ ಕಾಣದಿರುವುದೂ ಆಗ ತಿಳಿದುಬಂದಿತು. ೨೦೦೫ನೆಯ ಜನವರಿ ೧೪ರಂದು ಹೈಗೆನ್ಸ್ ಎಂಬ ಯಂತ್ರವು ಅಲ್ಲಿ ಇಳಿದಾಗ ಕಂಡುದು ನೀಲಾಕಾಶವಲ್ಲ, ಕಿತ್ತಿಳೆಯ ಬಾನಿನ ಕೆಳಗೆ ಉರುಟು ಕಲ್ಲುಗಳಂತೆ ಚೆದರಿದ್ದ ಮಂಜುಗಡ್ಡೆಯ ತುಂಡುಗಳು.

ಬಾನ್‌ಸ್ಟೆಲ್ಲರ ಆಕಾಶವು ತಪ್ಪಾಯಿತು. ಅವರ ಶ್ರಮವು ವ್ಯರ್ಥವಾಗಲಿಲ್ಲ. ಅಂತಹ ಚಿತ್ರಗಳನ್ನು ನೋಡಿ ಬೆಳೆದ ಎಷ್ಟೋ ಬಾಲಕರು ಮುಂದೆ ಖಗೋಳಶಾಸ್ತ್ರಕ್ಕೂ ಯಂತ್ರಶಾಸ್ತ್ರಕ್ಕೂ ತಮ್ಮನ್ನು ಒಪ್ಪಿಸಿಕೊಂಡರು. ಚಿತ್ರವು ಆಸೆಯನ್ನು ಹುಟ್ಟಿಸಿತು. ಆಸೆಯು ನೌಕೆಯನ್ನು ಕಟ್ಟಿಸಿತು. ನೌಕೆಯು ಚಿತ್ರವನ್ನು ತಿದ್ದಿತು. ಕನ್ನಡಿಗರಾದ ನಮಗೆ ಆ ನೌಕೆಯೊಡನೆ ಒಂದು ನಂಟೂ ಉಂಟು. ೧೯೭೭ರಲ್ಲಿ ಹೊರಟ ಎರಡು ವಾಯೇಜರ್ ನೌಕೆಗಳಲ್ಲಿಯೂ ಒಂದೊಂದು ಚಿನ್ನದ ಲೇಪದ ಧ್ವನಿಮುದ್ರಿಕೆಯಿದೆ. ಅದರ ವಿನ್ಯಾಸವನ್ನು ನೋಡಿಕೊಂಡವರು ಮೇಲೆ ಹೇಳಿದ ಲಾಂಬರ್ಗರೇ. ಅದರಲ್ಲಿರುವ ೫೫ ಭಾಷೆಗಳ ಶುಭಾಶಯಗಳಲ್ಲಿ ಕನ್ನಡವೂ ಒಂದು. ಕೇಸರಬಾಯಿ ಕೇರ್ಕರರು ಹಾಡಿದ ಭೈರವಿಯೂ ಅಲ್ಲಿದೆ. ಟೈಟನ್ನಿನ ನಿಜರೂಪವನ್ನು ತೋರಿಸಿಕೊಟ್ಟ ನೌಕೆಯು ನಮ್ಮ ನುಡಿಯನ್ನು ಹೊತ್ತುಕೊಂಡೇ ಅಲ್ಲಿಗೆ ಹೋಗಿತ್ತು.

ಈ ವಿವೇಕವು ಇಂದು ಮತ್ತಷ್ಟು ಅವಶ್ಯವಾಗಿದೆ. ಇತರ ನಕ್ಷತ್ರಗಳನ್ನು ಸುತ್ತುವ ೫೦೦೦ಕ್ಕೂ ಮಿಕ್ಕ ಗ್ರಹಗಳನ್ನು ವಿಜ್ಞಾನಿಗಳು ಈಗಾಗಲೇ ಕಂಡುಹಿಡಿದಿರುವರು. ಟ್ರ್ಯಾಪಿಸ್ಟ್-೧ ಎಂಬ ನಕ್ಷತ್ರಕ್ಕೆ ಏಳು ಗ್ರಹಗಳಿವೆಯೆಂದು ೨೦೧೭ರಲ್ಲಿ ಪ್ರಕಟಿಸಿದಾಗ, ಸಮುದ್ರ ಮತ್ತು ಹಿಮಗಳಿಂದ ಕೂಡಿದ ಸುಂದರ ಚಿತ್ರಗಳು ಲೋಕದಲ್ಲೆಲ್ಲ ಹರಡಿದುವು. ಆ ನೆಲವನ್ನು ಯಾರೂ ನೋಡಿಲ್ಲ. ಗ್ರಹವು ಅಡ್ಡಬಂದಾಗ ನಕ್ಷತ್ರದ ಬೆಳಕು ಕಿಂಚಿತ್ತು ಕುಂದುವುದನ್ನು ಅಳೆದು ಗ್ರಹದ ಗಾತ್ರವನ್ನೂ ಅದರ ವರ್ಷದ ಅವಧಿಯನ್ನೂ ತಿಳಿದರು. ಮಿಕ್ಕುದು ಕುಂಚದ ಕೊಡುಗೆ.

ಆದುದರಿಂದ ಗೃಹಸ್ಥರು ಮಕ್ಕಳೊಡನೆ ಇಂತಹ ಮಾಲೆಗಳನ್ನು ನೋಡುವಾಗ ಎರಡು ಅಭ್ಯಾಸಗಳನ್ನು ಇಟ್ಟುಕೊಂಡರೆ ಒಳ್ಳೆಯದೆಂದು ನಮಗೆ ತೋರುವುದು. ಮೊದಲನೆಯದು, ಕಂಡ ದೃಶ್ಯವು ತೆಗೆದುದೋ ಬರೆದುದೋ ಎಂದು ವಿಚಾರಿಸುವುದು. ಬರೆದುದಾದರೆ ಅದರಲ್ಲಿ ಅಳೆದು ತಿಳಿದುದೆಷ್ಟು, ಊಹಿಸಿದುದೆಷ್ಟು ಎಂದು ಹುಡುಕುವುದು. ಎರಡನೆಯದು, ಒಂದೇ ದೃಶ್ಯವನ್ನು ಒಮ್ಮೆ ಧ್ವನಿಯನ್ನು ನಿಲ್ಲಿಸಿಯೂ ಮತ್ತೊಮ್ಮೆ ಸಂಗೀತದೊಡನೆಯೂ ನೋಡುವುದು. ಚಿತ್ರವು ಹೇಳಿದುದೇನು, ನಾದವು ನಮ್ಮಲ್ಲಿ ಎಬ್ಬಿಸಿದುದೇನು ಎಂಬುದು ಆಗ ಚಿಕ್ಕವರಿಗೂ ತಾನಾಗಿಯೇ ತಿಳಿಯುವುದು. ಹೀಗೆ ತಿಳಿದು ನೋಡಿದರೆ ಆನಂದಕ್ಕೆ ಕೊರತೆಯಾಗುವುದೆಂದು ಯಾರೂ ಶಂಕಿಸಬೇಕಾಗಿಲ್ಲ. ತಾನು ಹೋಗಲಾರದ ಲೋಕವನ್ನು ಒಬ್ಬನು ಲೆಕ್ಕದಿಂದ ಅರಿತು ಬಣ್ಣದಿಂದ ಬರೆದನೆಂಬುದೇ ಮತ್ತೊಂದು ವಿಸ್ಮಯವಲ್ಲವೆ? ಮುಂದೆ ಯಾವುದಾದರೊಂದು ನೌಕೆಯು ಆ ಚಿತ್ರವನ್ನು ತಿದ್ದಿದ ದಿನ, ಅದನ್ನು ಅಕ್ಕರೆಯಿಂದ ನೋಡಿದ್ದ ಮಕ್ಕಳೇ ಆ ತಿದ್ದುಪಡಿಯನ್ನೂ ಎಲ್ಲರಿಗಿಂತ ಮೊದಲು ಸಂತೋಷದಿಂದ ಸ್ವಾಗತಿಸುವರು.