ಕೂಗಳತೆಯಲ್ಲಿ ವಾಹನಗಳು

ಹೊಸದುರ್ಗದ ಸೀಮೆಯಲ್ಲಿ ಪಕ್ಕದ ಹಳ್ಳಿ ಎಷ್ಟು ದೂರವೆಂದು ಹಿರಿಯ ರೈತರನ್ನು ಕೇಳಿದರೆ ‘ಒಂದು ಕೂಗಳತೆ’ ಎಂಬ ಉತ್ತರ ದೊರೆಯುವುದುಂಟು. ಮೈಲಿ, ಕಿಲೋಮೀಟರುಗಳಿಗಿಂತ ಈ ಅಳತೆ ಅರ್ಥವತ್ತಾದುದೆಂದು ನನ್ನ ಭಾವನೆ. ಅದು ನೆಲದ ದೂರವನ್ನಲ್ಲ, ದನಿ ಮುಟ್ಟುವ ದೂರವನ್ನು ಹೇಳುತ್ತದೆ. ನಡುವೆ ಗುಡ್ಡ ಬಂದರೆ ಕೂಗಳತೆ ಕುಗ್ಗುತ್ತದೆ, ಬಯಲಾದರೆ ಹಿಗ್ಗುತ್ತದೆ. ವಾಹನಗಳ ನಡುವೆ ನಿಸ್ತಂತು ಸಂಪರ್ಕವನ್ನು ಏರ್ಪಡಿಸಹೊರಟ ವಿಜ್ಞಾನಿಗಳ ತೊಡಕೂ ಇದೇ.

ಮುಂದೆ ಹೋಗುವ ಕಾರು ಥಟ್ಟನೆ ಬ್ರೇಕು ಹಾಕಿತೆನ್ನೋಣ. ನಡುವೆ ಲಾರಿಯಿದ್ದರೆ ಹಿಂದಿನ ಚಾಲಕನಿಗೆ ಅದರ ಕೆಂಪು ದೀಪ ಕಾಣದು. ಕಾರೇ ತನ್ನ ಇರವು, ವೇಗ, ದಿಕ್ಕುಗಳನ್ನು ಸೆಕೆಂಡಿಗೆ ಸುಮಾರು ಹತ್ತು ಸಲ ಸಾರುತ್ತಿದ್ದರೆ ಹಿಂದಿನ ವಾಹನ ಎಚ್ಚರಗೊಳ್ಳಬಹುದು. ಇದಕ್ಕಾಗಿ ಅಮೆರಿಕವು 1999ರಲ್ಲಿಯೇ 5.9 ಗಿಗಾಹರ್ಟ್ಸ್ ಆಸುಪಾಸಿನ ತರಂಗಗಳನ್ನು ಮೀಸಲಿರಿಸಿತು. ಗಂಟೆಗೆ 36 ಕಿಲೋಮೀಟರ್ ವೇಗದ ವಾಹನ ಸೆಕೆಂಡಿಗೆ 10 ಮೀಟರ್ ಸಾಗುತ್ತದೆ. ಸೆಕೆಂಡಿನ ಹತ್ತರಲ್ಲೊಂದು ಪಾಲು ತಡವಾದರೆ ಒಂದು ಮೀಟರ್. ರಸ್ತೆಗೆ ಕಾಲಿಟ್ಟ ಮಗುವಿನ ಪಾಲಿಗೆ ಅದು ಸಣ್ಣ ಅಂತರವಲ್ಲ.

ಇಷ್ಟಕ್ಕೆ ತೃಪ್ತಿಯಿಲ್ಲ. ಲಾರಿಯ ಕ್ಯಾಮೆರಾ ಕಂಡ ನೋಟವನ್ನೇ ಹಿಂದಿನ ಕಾರಿಗೆ ಕಾಣಿಸಬೇಕೆಂಬುದು ಹೊಸ ಆಸೆ. ಅಷ್ಟು ದೊಡ್ಡ ಹೊರೆಯನ್ನು ಕ್ಷಣದಲ್ಲಿ ಸಾಗಿಸಲು ಮಿಲಿಮೀಟರ್ ತರಂಗಗಳನ್ನು ಆಶ್ರಯಿಸುತ್ತಾರೆ. ಇವು ಭಾರತಕ್ಕೆ ಹೊಸವಲ್ಲ. 1890ರ ದಶಕದಲ್ಲಿ ಜಗದೀಶಚಂದ್ರ ಬೋಸರು ಕಲ್ಕತ್ತೆಯಲ್ಲಿ ಇಂಥವುಗಳ ಮೇಲೆಯೇ ಪ್ರಯೋಗ ನಡೆಸಿದ್ದರು. 60 ಗಿಗಾಹರ್ಟ್ಸ್ ತರಂಗದ ಉದ್ದ ಬರಿಯ 5 ಮಿಲಿಮೀಟರ್. ಅದನ್ನು ಟಾರ್ಚಿನ ಬೆಳಕಿನಂತೆ ಕಿರಿದಾದ ಕಿರಣವಾಗಿಸಿ ಗುರಿಯತ್ತ ಹಾಯಿಸಬೇಕು. ಗಾಳಿಯ ಆಮ್ಲಜನಕವೇ ಅದನ್ನು ಹೀರಿಕೊಳ್ಳುತ್ತದೆ. ಲೋಹದ ಮೈಯ ಬಸ್ಸೊಂದು ಅಡ್ಡ ಬಂದರೆ ಮಾತು ಮುರಿಯಿತು. ಬೆಂಗಳೂರಿನ ಸಿಲ್ಕ್ ಬೋರ್ಡ್ ಕೂಡುರಸ್ತೆಯಲ್ಲಿ ಬಸ್ಸು ಅಡ್ಡ ಬರದ ಗಳಿಗೆಯಾದರೂ ಯಾವುದು?

ಉಪಾಯಗಳಿಲ್ಲದಿಲ್ಲ. ಅನೇಕ ಪುಟ್ಟ ಆಂಟೆನಾಗಳನ್ನು ಜೋಡಿಸಿ, ಚಲಿಸುವ ವಾಹನದ ಬೆನ್ನುಹತ್ತಿ ಕಿರಣವನ್ನು ತಿರುಗಿಸುತ್ತಾರೆ. ನೇರ ದಾರಿ ಕಟ್ಟಿದರೆ ಕಟ್ಟಡದ ಗೋಡೆಗೆ ತಾಗಿ ಮರಳಿದ ತರಂಗವನ್ನು ಹಿಡಿಯುತ್ತಾರೆ. ಇಲ್ಲವೇ ಮೂರನೆಯ ವಾಹನವೊಂದು ಮಾತನ್ನು ಕೇಳಿ ದಾಟಿಸುತ್ತದೆ. ಹೊಲದಿಂದ ಹೊಲಕ್ಕೆ ಕೂಗು ದಾಟಿಸಿ ಊಟಕ್ಕೆ ಕರೆಯುತ್ತಿದ್ದವರಿಗೆ ಇದರಲ್ಲಿ ಬೆರಗಿಲ್ಲ. ಆದರೆ ಸಂತೆಯಲ್ಲಿ ಎಲ್ಲರೂ ಕೂಗಿದರೆ ಯಾರ ಮಾತೂ ಕೇಳದು. ಆದುದರಿಂದ ಸಂದಣಿ ಹೆಚ್ಚಿದಂತೆ ಪ್ರತಿ ವಾಹನವೂ ತನ್ನ ಸಾರುವಿಕೆಯನ್ನು ವಿರಳಗೊಳಿಸುವ ಕಟ್ಟಳೆ ಮಾಡಿದ್ದಾರೆ.

ನನಗೆ ಸರಿಯೆಂದು ತೋರುವ ಮಾರ್ಗ ಇದು: ನೋಟದ ಹೊರೆ ವೇಗದ ತರಂಗಕ್ಕಿರಲಿ, ಬ್ರೇಕಿನ ಕಿರುಮಾತು ಮಾತ್ರ ನಿಧಾನವಾದರೂ ಸುಲಭವಾಗಿ ಕೈಬಿಡದ ತರಂಗದಲ್ಲೇ ಹೋಗಲಿ. ವೇಗದ ಕೊಂಡಿ ಕಳಚಿದಾಗ ಕಾರು ಅದನ್ನು ಕೂಡಲೇ ಅರಿತು ಮುಂದಿನ ವಾಹನದಿಂದ ಅಂತರ ಕಾಯುವಂತೆ ವೇಗ ತಗ್ಗಿಸಬೇಕು. ಹಳೆಯ ಚಿತ್ರವನ್ನೇ ನಂಬಿ ಮುನ್ನುಗ್ಗಬಾರದು.

ಇನ್ನು, ಏನನ್ನೂ ಸಾರದವರ ಮಾತು. ಹಿರಿಯೂರಿನಲ್ಲಿ ಹೆದ್ದಾರಿಯನ್ನು ಬಿಟ್ಟು ಹೊಸದುರ್ಗದತ್ತ ತಿರುಗಿದರೆ ಕುರಿಮಂದೆ ಎದುರಾದೀತು, ಕತ್ತಲಲ್ಲಿ ದೀಪವಿಲ್ಲದ ಎತ್ತಿನ ಗಾಡಿ ಸಿಕ್ಕೀತು. ಇವುಗಳಲ್ಲಿ ಯಾವ ಯಂತ್ರವೂ ಇಲ್ಲ. ಬಾನಿನಲ್ಲಿ ಸದ್ದಿಲ್ಲವೆಂದರೆ ದಾರಿ ಬರಿದಾಗಿದೆಯೆಂದು ಬಗೆಯುವ ಕಾರನ್ನು ಆ ತಿರುವಿನಲ್ಲಿ ಬಿಡುವ ಧೈರ್ಯ ನನಗಂತೂ ಇಲ್ಲ.