ಮಳೆ, ಬಿಸಿಲು ಮತ್ತು ಅಲ್ಯುಮಿನಿಯಂ ರೇಲಿಂಗ್

ಅಲ್ಯುಮಿನಿಯಂ ರೇಲಿಂಗಿಗೆ ಕಬ್ಬಿಣದಂತೆ ಕೆಂಪು ತುಕ್ಕು ಹಿಡಿಯುವುದಿಲ್ಲ. ಗಾಳಿ ತಾಗಿದೊಡನೆ ಅದರ ಮೈಮೇಲೆ ಆಕ್ಸೈಡಿನ ತೆಳು ಪದರ ಕಟ್ಟಿ, ಒಳಗಿನ ಲೋಹವನ್ನು ಕಾಯುತ್ತದೆ. ಯಾದಗಿರಿ, ಶಹಾಪುರ, ಸುರಪುರಗಳಲ್ಲಿ ಬಹುಪಾಲು ಮಳೆ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ. ಅದಕ್ಕೂ ಮೊದಲು 40 ಡಿಗ್ರಿ ದಾಟುವ ಬಿಸಿಲು. ರೇಲಿಂಗ್ ಎರಡನ್ನೂ ತಾಳಬೇಕು.

ಮನೆಗೆ 6063 ಮಿಶ್ರಲೋಹ ಸಾಕು. ಪೌಡರ್ ಕೋಟಿಂಗ್ ಪಾಲಿಯೆಸ್ಟರ್‌ನದಿರಲಿ, ದಪ್ಪ ಸುಮಾರು 60 ಮೈಕ್ರಾನ್. ಎಪಾಕ್ಸಿ ಅಗ್ಗವಾದರೂ ಬಿಸಿಲಿಗೆ ಮಂಕಾಗಿ ಪುಡಿ ಬಿಡುತ್ತದೆ.

ಕೆಡುವುದು ಹೆಚ್ಚಾಗಿ ಬುಡದಲ್ಲೇ. ಹಸಿ ಸಿಮೆಂಟಿನ ಕ್ಷಾರ ಅಲ್ಯುಮಿನಿಯಮನ್ನು ತಿನ್ನುತ್ತದೆ. ಆದ್ದರಿಂದ ಕಂಬವನ್ನು ನೇರವಾಗಿ ಸಿಮೆಂಟಿನಲ್ಲಿ ಹೂಳುವುದು ತಪ್ಪು, ಮೇಸ್ತ್ರಿಗೆ ಅದು ಎಷ್ಟೇ ಸಲೀಸಾದರೂ. ಬೇಸ್ ಪ್ಲೇಟ್ ಇಟ್ಟು, ಅದರಡಿ ರಬ್ಬರ್ ಹಾಳೆ ಹಾಸಿ, 304 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ಬೋಲ್ಟ್ ಬಿಗಿಯಬೇಕು. ಸಾದಾ ಕಬ್ಬಿಣದ ಬೋಲ್ಟ್ ತೇವಕ್ಕೆ ತಾನೂ ತುಕ್ಕು ಹಿಡಿದು, ಸುತ್ತಲಿನ ಅಲ್ಯುಮಿನಿಯಮನ್ನೂ ಕೊರೆಯುತ್ತದೆ.

ಈ ಭಾಗದ ಮಾಳಿಗೆಗಳಿಗೆ ಶಹಾಬಾದ್ ಫರಸಿ ಹಾಸಿರುವುದುಂಟು. ಅದು ಪದರು ಪದರಾಗಿ ಏಳುವ ಕಲ್ಲು. ಬೋಲ್ಟಿನ ಹಿಡಿತ ಫರಸಿಯಲ್ಲಲ್ಲ, ಅದರ ಕೆಳಗಿನ ಸ್ಲ್ಯಾಬಿನಲ್ಲಿರಬೇಕು. ತೂತನ್ನು ಅಂಚಿನಿಂದ ದೂರವಿಟ್ಟು, ಸುತ್ತ ಸಿಲಿಕೋನ್ ತುಂಬಿದರೆ ಮಳೆನೀರು ಸ್ಲ್ಯಾಬಿಗೆ ಇಳಿಯದು. ಟೊಳ್ಳು ಕಂಬದ ಬುಡದಲ್ಲಿ ನೀರು ಹೊರಹೋಗಲು ಸಣ್ಣ ತೂತು ಬೇಕೇ ಬೇಕು.

ಬಿಸಿಲಿನ ಲೆಕ್ಕವೂ ಇದೆ. 40 ಡಿಗ್ರಿ ಉಷ್ಣತೆ ಏರಿದರೆ 3 ಮೀಟರ್ ಉದ್ದದ ಪಟ್ಟಿ ಸುಮಾರು 3 ಮಿಲಿಮೀಟರ್ ಹಿಗ್ಗುತ್ತದೆ. ಜೋಡಣೆಯಲ್ಲಿ ಅಷ್ಟು ಜಾಗ ಬಿಡದಿದ್ದರೆ ಸ್ಕ್ರೂ ಸಡಿಲಾಗುತ್ತದೆ.

ಎತ್ತರ ಕನಿಷ್ಠ 1 ಮೀಟರ್. ಮಕ್ಕಳಿರುವ ಮನೆಯಲ್ಲಿ ಸರಳುಗಳ ನಡುವಿನ ಸಂದು 10 ಸೆಂಟಿಮೀಟರ್ ಮೀರಬಾರದು.