ನಿಮಗಿದು ಗೊತ್ತೆ? ಜಗಲಿಯ ಮೇಲಿನ ಹಿರಿಯರು

ಐಗಳಿ, ಅಥಣಿ, ರಾಯಬಾಗಗಳನ್ನೊಳಗೊಂಡ ಕನ್ನಡ–ಮರಾಠಿ ಗಡಿಸೀಮೆಯಲ್ಲಿ ಕೆಲವು ಮನೆತನಗಳು ತೀರಿಹೋದ ಹಿರಿಯರನ್ನು ದೇವರ ಜಗಲಿಯ ಮೇಲೆ, ಕುಲದೇವರ ಮಗ್ಗುಲಲ್ಲಿಯೇ, ‘ಟಾಕು’ ಎಂಬ ಪುಟ್ಟ ಲೋಹದ ತಗಡಿನ ರೂಪದಲ್ಲಿ ಇರಿಸಿ ಪೂಜಿಸುತ್ತ ಬಂದಿವೆ. ಅಂಗೈಗಿಂತ ಚಿಕ್ಕದಾದ ತೆಳು ಬೆಳ್ಳಿಯ ತಗಡನ್ನು ಹಿಂಬದಿಯಿಂದ ಬಡಿದು ಮುಂಬದಿಗೆ ಆಕೃತಿಯನ್ನು ಉಬ್ಬಿಸುವ ಈ ಕೆಲಸದಲ್ಲಿ, ಕಾದಾಡಿ ಮಡಿದ ಪೂರ್ವಜನು ಸಾಮಾನ್ಯವಾಗಿ ಕುದುರೆ ಸವಾರನಾಗಿ ಕಾಣಿಸಿಕೊಳ್ಳುತ್ತಾನೆ. ಹೆಸರು, ತೇದಿಗಳಿಲ್ಲದ ಈ ತಗಡು ಯಾರದೆಂಬುದನ್ನು ಮನೆಯವರ ನೆನಪೇ ಕಾಯಬೇಕಾದುದರಿಂದ, ಅದನ್ನು ಹಿರಿಯರಿಂದ ಕೇಳಿ ಬರೆದಿಡುವುದು ಅತ್ಯಗತ್ಯ.

ಹಿರಿಯರ ನೆನಪು ಜಗಲಿಯಾಚೆಗೂ ಉಳಿಯುತ್ತದೆ: ಶವವನ್ನು ಕುಳಿತ ಭಂಗಿಯಲ್ಲಿ ಹೂಳುವ ಲಿಂಗಾಯತರಲ್ಲಿ ಅನೇಕರು ಸ್ವಂತ ಹೊಲದಲ್ಲಿಯೇ ಸಮಾಧಿ ಮಾಡಿ, ಅದರ ಮೇಲೆ ‘ಗದ್ದುಗೆ’ ಎನ್ನುವ ಕಟ್ಟೆ ಕಟ್ಟುತ್ತಾರೆ. 1921ರಲ್ಲಿ ಲಿಂಗೈಕ್ಯರಾದ ಲಿಂಗಾಯತ ಸಂತ ಮುರುಘೇಂದ್ರ ಶಿವಯೋಗಿಗಳ ಗದ್ದುಗೆ ಅಥಣಿಯ ಗಚ್ಚಿನಮಠದಲ್ಲಿದೆ.

ಬಂಧುಗಳೇ ಸ್ಮಾರಕ ನಿಲ್ಲಿಸುವ ರೂಢಿ ಕನ್ನಡ ನಾಡಿನಲ್ಲಿ ಬಹಳ ಹಳೆಯದು. ಅಗಲಿದವರಿಗೆ ಸಲ್ಲಿಸುವ ಗೌರವವನ್ನು ಜೈನ ಶಾಸನಗಳು ‘ಪರೋಕ್ಷವಿನಯ’ ಎನ್ನುತ್ತವೆ; 12ನೆಯ ಶತಮಾನದಲ್ಲಿ ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜನು ತನ್ನ ತಾಯಿ ಪೋಚಿಕಬ್ಬೆ ಹಾಗೂ ಮಡದಿ ಲಕ್ಷ್ಮಿಯ ನೆನಪಿಗೆ ಶ್ರವಣಬೆಳಗೊಳದಲ್ಲಿ ‘ನಿಷಿಧಿ’, ಅಂದರೆ ವ್ರತದಿಂದ ದೇಹ ತೊರೆದವರ ಸ್ಮಾರಕಗಳನ್ನು, ನಿಲ್ಲಿಸಿದನು.